ಸಂಶೋಧನಾ ಕಂಪ್ಯೂಟಿಂಗ್‌ಗೆ ನೆಟ್‌ವರ್ಕ್ ಅಳೆಯುವ ಟೂಲ್ ಕಟ್ಟುವುದು ಹೇಗೆ: ಮೊದಲ ದೂರಿನಿಂದ ಕೊನೆಯ ವರದಿಯವರೆಗೆ

"1 ಟೆರಾಬೈಟ್ ಡೇಟಾ ಕಳಿಸೋಕೆ ಹಾಕಿ ಎರಡು ದಿನ ಆಯ್ತು, ಇನ್ನೂ ಅರ್ಧ ಕೂಡ ಹೋಗಿಲ್ಲ." ಸಂಶೋಧಕರಿಗೆ ಕಂಪ್ಯೂಟರ್ ಸೌಲಭ್ಯ ನೋಡಿಕೊಳ್ಳುವ ಯಾರನ್ನೇ ಕೇಳಿ, ಈ ದೂರು ಅವರಿಗೆ ಬಂದೇ ಇರುತ್ತದೆ. ದೂರು ಬಂದ ಮೇಲೆ ನೆಟ್‌ವರ್ಕ್ ವಿಭಾಗದವರು ತಮ್ಮ ಗ್ರಾಫ್ ನೋಡುತ್ತಾರೆ. ಲಿಂಕ್ 10 ಗಿಗಾಬಿಟ್‌ನದ್ದು, ಬಳಕೆ ಕಾಲು ಭಾಗವೂ ಇಲ್ಲ, ನಮ್ಮ ಕಡೆ ಸರಿ ಇದೆ ಅನ್ನುತ್ತಾರೆ. ಸರ್ವರ್ ನೋಡಿಕೊಳ್ಳುವವರು ಡಿಸ್ಕ್ ಪರೀಕ್ಷಿಸಿ ಅದನ್ನೇ ಹೇಳುತ್ತಾರೆ. ಆಚೆ ತುದಿಯವರ ಉತ್ತರವೂ ಅದೇ. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರೂ ತಮ್ಮ ಪಾಲಿನ ತುಂಡನ್ನು ನೋಡಿ ಮಾತಾಡುತ್ತಿದ್ದಾರೆ ಅಷ್ಟೇ. ಡೇಟಾ ಹೋಗುವ ದಾರಿಯನ್ನು ಈ ತುದಿಯಿಂದ ಆ ತುದಿವರೆಗೆ ಅಳೆದವರು ಯಾರೂ ಇಲ್ಲ.

ನಾವು ಕಟ್ಟಬೇಕಾದ ಟೂಲ್ ಆ ಜಾಗ ತುಂಬಬೇಕು. ಸಂಶೋಧಕ, ಸರ್ವರ್ ನೋಡಿಕೊಳ್ಳುವವರು, ನೆಟ್‌ವರ್ಕ್ ಎಂಜಿನಿಯರ್ ಮೂವರೂ ಒಂದೇ ಅಳತೆಯನ್ನು ಮುಂದಿಟ್ಟುಕೊಂಡು ಮಾತಾಡುವಂತೆ ಮಾಡಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ಗುರಿಗಾಗಿ.

ಹಂತ 1: ಕೋಡ್ ಬರೆಯುವ ಮುಂಚೆ ದೂರುಗಳನ್ನು ಓದಿ

ಕಳೆದ ಆರು ತಿಂಗಳಲ್ಲಿ ಬಂದ "ನಿಧಾನ" ದೂರುಗಳನ್ನೆಲ್ಲ ಒಂದು ಕಡೆ ಸೇರಿಸಿ. ಪ್ರತಿಯೊಂದಕ್ಕೂ ಐದು ಪ್ರಶ್ನೆ ಹಾಕಿ. ಎಲ್ಲಿಂದ ಎಲ್ಲಿಗೆ? ಎಷ್ಟು ಡೇಟಾ, ಎಷ್ಟು ಫೈಲ್? ಯಾವ ಪ್ರೋಗ್ರಾಂ ಬಳಸಿ? ಯಾವಾಗಿನಿಂದ? ಮೊದಲಿನಿಂದಲೂ ಹೀಗೇನಾ, ಅಥವಾ ಮೊದಲು ಚೆನ್ನಾಗಿತ್ತಾ?

ಕೊನೆಯ ಪ್ರಶ್ನೆಗೆ ಬೆಲೆ ಜಾಸ್ತಿ. ಮೊದಲಿನಿಂದಲೂ ನಿಧಾನ ಅಂದರೆ ಸಾಮಾನ್ಯವಾಗಿ ಸೆಟ್ಟಿಂಗ್ ಅಥವಾ ವಿನ್ಯಾಸದ ತೊಂದರೆ. ಇದ್ದಕ್ಕಿದ್ದಂತೆ ನಿಧಾನವಾಯಿತು ಅಂದರೆ ಏನೋ ಕೆಟ್ಟಿದೆ ಅಥವಾ ಯಾರೋ ಏನೋ ಬದಲಿಸಿದ್ದಾರೆ. "ಮೊದಲು ಚೆನ್ನಾಗಿತ್ತು" ಎಂಬ ಮಾತನ್ನು ಅಂಕಿಗಳಿಂದ ತೋರಿಸಲು ಹಳೆಯ ಅಳತೆ ಬೇಕು. ದೂರು ಬಂದ ಮೇಲೆ ಅಳೆಯಲು ಶುರು ಮಾಡಿದರೆ ಆ ಹಳೆಯ ಅಳತೆ ಸಿಗಲ್ಲ.

ಈ ಓದಿನಲ್ಲಿ ಇನ್ನೊಂದು ವಿಷಯ ಹೊರಬರುತ್ತದೆ. ಕೆಲವು ದೂರುಗಳಿಗೆ ನೆಟ್‌ವರ್ಕ್ ಕಾರಣವೇ ಅಲ್ಲ. ಒಂದು ಲೆಕ್ಕ ನೋಡಿ. 10 ಕಿಲೋಬೈಟ್‌ನ 10 ಲಕ್ಷ ಸಣ್ಣ ಫೈಲ್‌ಗಳಿವೆ ಅಂದುಕೊಳ್ಳಿ. ಒಟ್ಟು 10 ಗಿಗಾಬೈಟ್ ಮಾತ್ರ. ಆದರೆ ನಿಮ್ಮ ಪ್ರೋಗ್ರಾಂ ಪ್ರತಿ ಫೈಲ್ ಕಳಿಸಿದ ಮೇಲೂ ಆಚೆ ಕಡೆಯ ಉತ್ತರಕ್ಕೆ ಕಾಯುತ್ತದೆ. ಹೋಗಿಬರುವ ಸಮಯ 100 ಮಿಲಿಸೆಕೆಂಡ್ ಇದ್ದರೆ, ಬರೀ ಕಾಯುವುದಕ್ಕೇ 1 ಲಕ್ಷ ಸೆಕೆಂಡ್ ಬೇಕು. ಅಂದರೆ ಸುಮಾರು 28 ಗಂಟೆ. ಎಷ್ಟು ದಪ್ಪದ ಲಿಂಕ್ ಹಾಕಿದರೂ ಇದು ಕಮ್ಮಿ ಆಗಲ್ಲ. ಫೈಲ್‌ಗಳನ್ನು ಒಂದು ಗಂಟು ಕಟ್ಟಿ ಕಳಿಸಿದರೆ ಆಗುತ್ತದೆ.

ಹಾಗಾಗಿ ಡಿಸ್ಕ್, ಪ್ರೋಗ್ರಾಂ, ನೆಟ್‌ವರ್ಕ್ ಈ ಮೂರನ್ನೂ ನಿಮ್ಮ ಟೂಲ್ ಬೇರೆ ಬೇರೆಯಾಗಿ ಅಳೆಯಬೇಕು. ಡಿಸ್ಕ್‌ನಿಂದ ಫೈಲ್ ಓದಿ ಎಲ್ಲೂ ಬರೆಯದೆ ಬಿಸಾಡುವ ಒಂದು ಪರೀಕ್ಷೆ. ಡಿಸ್ಕ್ ಮುಟ್ಟದೆ ಮೆಮೊರಿಯಿಂದ ಮೆಮೊರಿಗೆ ನೆಟ್‌ವರ್ಕ್ ಮೇಲೆ ಕಳಿಸುವ ಇನ್ನೊಂದು ಪರೀಕ್ಷೆ. ಆಮೇಲೆ ಎರಡೂ ಸೇರಿಸಿ, ಸಂಶೋಧಕರು ನಿಜವಾಗಿ ಬಳಸುವ ಪ್ರೋಗ್ರಾಂನಲ್ಲೇ ಮೂರನೆಯದು. ಮೂರು ಅಂಕಿ ಪಕ್ಕಪಕ್ಕ ಇಟ್ಟರೆ ಎಲ್ಲಿ ಸಿಕ್ಕಿಕೊಂಡಿದೆ ಅನ್ನುವುದು ಬಹುಪಾಲು ಅಲ್ಲೇ ಗೊತ್ತಾಗುತ್ತದೆ.

ಹಂತ 2: ಪ್ಯಾಕೆಟ್ ಕಳಿಸುವ ಎಂಜಿನ್ ನೀವು ಬರೆಯಬೇಡಿ

ನೆಟ್‌ವರ್ಕ್ ಮೇಲೆ ಡೇಟಾ ಸಣ್ಣ ಸಣ್ಣ ಕಂತೆಗಳಾಗಿ ಹೋಗುತ್ತದೆ, ಅವೇ ಪ್ಯಾಕೆಟ್. ಹೊಸದಾಗಿ ಶುರು ಮಾಡುವವರಿಗೆ ಎಲ್ಲವನ್ನೂ ತಾವೇ ಬರೆಯುವ ಆಸೆ ಇರುತ್ತದೆ. ಈ ಒಂದು ಕಡೆ ಆ ಆಸೆ ಬಿಡಿ. ಪೈಥಾನ್‌ನಲ್ಲಿ ಸುಮ್ನೆ ಒಂದು ಲೂಪ್ ಬರೆದು ಪ್ಯಾಕೆಟ್ ಕಳಿಸಿ ಸಮಯ ಅಳೆದರೆ, ನೀವು ಅಳೆದಿದ್ದರಲ್ಲಿ ನೆಟ್‌ವರ್ಕ್ ಎಷ್ಟು, ಪೈಥಾನ್ ಎಷ್ಟು ಅಂತ ಬಿಡಿಸಲು ಆಗಲ್ಲ.

ವೇಗ ಅಳೆಯಲು ಐಪರ್ಫ್3 ಇದೆ. ಅಮೆರಿಕದ ಇಂಧನ ಇಲಾಖೆಯ ಸಂಶೋಧನಾ ನೆಟ್‌ವರ್ಕ್ ಆದ ಇಎಸ್‌ನೆಟ್ ಅದನ್ನು ಬೆಳೆಸಿಕೊಂಡು ಬಂದಿದೆ. ಒಂದು ದಿಕ್ಕಿನ ವಿಳಂಬ ಮತ್ತು ನಷ್ಟ (ದಾರಿಯಲ್ಲಿ ಬಿದ್ದುಹೋಗುವ ಪ್ಯಾಕೆಟ್) ಅಳೆಯಲು ಒವಾಂಪ್ ಎಂಬ ಪ್ರೋಟೋಕಾಲ್ ಇದೆ. 2006ರಲ್ಲಿ ಆರ್‌ಎಫ್‌ಸಿ (ಇಂಟರ್ನೆಟ್ ಮಾನದಂಡಗಳ ದಾಖಲೆ) 4656 ಆಗಿ ಬಂತು. ಹೋಗಿಬರುವ ಅಳತೆಗೆ ಟ್ವಾಂಪ್, 2008ರ ಆರ್‌ಎಫ್‌ಸಿ 5357. ಇವನ್ನೆಲ್ಲ ಒಟ್ಟುಗೂಡಿಸಿ, ವೇಳಾಪಟ್ಟಿ ಹಾಕಿ ಓಡಿಸುವ ಪರ್ಫ್‌ಸೋನಾರ್ ಎಂಬ ವ್ಯವಸ್ಥೆಯೂ ಇದೆ. ಇಎಸ್‌ನೆಟ್, ಯುರೋಪಿನ ಸಂಶೋಧನಾ ನೆಟ್‌ವರ್ಕ್ ಜಿಯಾಂಟ್, ಅಮೆರಿಕದ ಇಂಟರ್ನೆಟ್2, ಇಂಡಿಯಾನಾ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ಮುಕ್ತ ತಂತ್ರಾಂಶ ಅದು.

ಮೊದಲು ಪರ್ಫ್‌ಸೋನಾರ್ ಹಾಕಿ ಒಂದು ತಿಂಗಳು ಬಳಸಿ ನೋಡಿ ಎಂಬುದು ನನ್ನ ಸಲಹೆ. ನಿಮ್ಮ ಸಮುದಾಯಕ್ಕೆ ಅಷ್ಟೇ ಸಾಕಾಗಬಹುದು. ಸಾಲದೆ ಹೋದರೆ ಎಲ್ಲಿ ಸಾಲದು ಅನ್ನುವುದು ಕೈಗೆ ತಿಳಿದಿರುತ್ತದೆ. ಸಾಮಾನ್ಯವಾಗಿ ಕೊರತೆ ಕಾಣುವುದು ಅಳತೆಯ ಆಚೆಗೆ. ಫಲಿತಾಂಶ ಸಂಶೋಧಕರಿಗೆ ಅರ್ಥವಾಗಲ್ಲ, ಕೆಲಸದ ಸರದಿ ನೋಡಿಕೊಳ್ಳುವ ತಂತ್ರಾಂಶದ ಜೊತೆ ಹೊಂದಲ್ಲ, ಡೇಟಾ ವರ್ಗಾವಣೆಯ ಲಾಗ್ ಜೊತೆ ತಾಳೆ ನೋಡಲು ಆಗಲ್ಲ. ನಿಮ್ಮ ಕೋಡ್ ಬೇಕಾದದ್ದು ಅಲ್ಲಿ.

ಹಂತ 3: ಎರಡು ಲೆಕ್ಕ ಕೈಯಲ್ಲಿ ಮಾಡಿ

ಈ ಹಂತವನ್ನು ದಾಟಿಸಿ ಮುಂದೆ ಹೋಗಬೇಡಿ. ಟೂಲ್ ಏನನ್ನು ಅಳೆಯಬೇಕು ಅನ್ನುವುದು ಇಲ್ಲಿ ತೀರ್ಮಾನವಾಗುತ್ತದೆ.

ಮೊದಲನೆಯದು, ದಾರಿಯಲ್ಲಿ ಎಷ್ಟು ಡೇಟಾ ಹಿಡಿಯುತ್ತದೆ ಎಂಬ ಲೆಕ್ಕ. ಲಿಂಕ್ ವೇಗವನ್ನು ಹೋಗಿಬರುವ ಸಮಯದಿಂದ ಗುಣಿಸಿ. 10 ಗಿಗಾಬಿಟ್ ವೇಗ, 100 ಮಿಲಿಸೆಕೆಂಡ್ ಅಂದರೆ 1 ಗಿಗಾಬಿಟ್, ಅಂದರೆ 125 ಮೆಗಾಬೈಟ್. ಲಿಂಕ್ ತುಂಬಬೇಕಾದರೆ ಇಷ್ಟು ಡೇಟಾ ಯಾವಾಗಲೂ ದಾರಿಯಲ್ಲಿರಬೇಕು. ಇನ್ನೂ ಉತ್ತರ ಬರದ ಆ ಡೇಟಾವನ್ನು ಕಳಿಸುವ ಯಂತ್ರ ತನ್ನ ಬಫರ್‌ನಲ್ಲಿ, ಅಂದರೆ ಮೆಮೊರಿಯ ಮೀಸಲು ಜಾಗದಲ್ಲಿ, ಹಿಡಿದಿಟ್ಟುಕೊಂಡಿರಬೇಕು. ಆದರೆ ಅನೇಕ ಲಿನಕ್ಸ್ ಯಂತ್ರಗಳಲ್ಲಿ ಟಿಸಿಪಿ (ಪ್ಯಾಕೆಟ್ ಮುಟ್ಟಿತೇ ಎಂದು ನೋಡಿ, ಬಿದ್ದದ್ದನ್ನು ಮತ್ತೆ ಕಳಿಸುವ ಪ್ರೋಟೋಕಾಲ್) ಕಳಿಸುವ ಬಫರ್‌ನ ಮಿತಿ 4 ಮೆಗಾಬೈಟ್ (41,94,304 ಬೈಟ್) ಮಾತ್ರ. 4 ಮೆಗಾಬೈಟನ್ನು 100 ಮಿಲಿಸೆಕೆಂಡ್‌ನಿಂದ ಭಾಗಿಸಿ ನೋಡಿ. ಸುಮಾರು 335 ಮೆಗಾಬಿಟ್ ಮೇಲೆ ಏರುವುದಿಲ್ಲ. ಲಿಂಕ್ 10 ಗಿಗಾಬಿಟ್ ಇದ್ದರೂ, 100 ಗಿಗಾಬಿಟ್ ಇದ್ದರೂ ಅಷ್ಟೇ.

ಎರಡನೆಯ ಲೆಕ್ಕ ನಷ್ಟದ್ದು. 1997ರಲ್ಲಿ ಮ್ಯಾಥಿಸ್ ಮತ್ತು ಜೊತೆಗಾರರು ಕೊಟ್ಟ ಸರಳ ಸೂತ್ರ ಇದೆ. ಒಂದು ಪ್ಯಾಕೆಟ್‌ನಲ್ಲಿ ಹಿಡಿಯುವ ಡೇಟಾವನ್ನು ಹೋಗಿಬರುವ ಸಮಯದಿಂದ ಭಾಗಿಸಿ. ಬಂದದ್ದನ್ನು ನಷ್ಟದ ಪ್ರಮಾಣದ ವರ್ಗಮೂಲದಿಂದ ಮತ್ತೆ ಭಾಗಿಸಿ. ಒಂದು ಟಿಸಿಪಿ ಸಂಪರ್ಕ ಸುಮಾರು ಅಷ್ಟು ವೇಗ ಮುಟ್ಟಬಹುದು.

ಇದಕ್ಕೊಂದು ನಿಜವಾದ ಉದಾಹರಣೆ ಇದೆ. ಇಎಸ್‌ನೆಟ್‌ನ ಒಂದು ರೌಟರ್‌ನಲ್ಲಿ 10 ಗಿಗಾಬಿಟ್‌ನ ಕಾರ್ಡ್ ಒಂದು ಹಾಳಾಗುತ್ತಾ ಬಂದು, ಪ್ರತಿ 22,000 ಪ್ಯಾಕೆಟ್‌ಗೆ 1ನ್ನು ಬೀಳಿಸುತ್ತಿತ್ತು. 2013ರಲ್ಲಿ ಸೈನ್ಸ್ ಡಿಎಂಜೆಡ್ (ದೊಡ್ಡ ಡೇಟಾ ವರ್ಗಾವಣೆಗೆಂದೇ ನೆಟ್‌ವರ್ಕ್‌ನಲ್ಲಿ ಪ್ರತ್ಯೇಕ ಭಾಗ ಇಡುವ) ವಿನ್ಯಾಸದ ಬಗ್ಗೆ ಬಂದ ಪ್ರಬಂಧದಲ್ಲಿ ಇದರ ವಿವರ ಇದೆ. ರೌಟರ್‌ನ ಸ್ವಂತ ದೋಷದ ಎಣಿಕೆಯಲ್ಲಿ ಇದು ಕಾಣಿಸಲೇ ಇಲ್ಲ. ಒವಾಂಪ್ ಅಳತೆಯಲ್ಲಿ ಸಿಕ್ಕಿತು.

22,000ಕ್ಕೆ 1, ಅಂದರೆ ಶೇಕಡಾ 0.0046ಕ್ಕೂ ಕಮ್ಮಿ. ಕೇಳಿದರೆ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ, ಅಲ್ವಾ? ಸೂತ್ರದಲ್ಲಿ ಹಾಕಿ ನೋಡೋಣ. ಪ್ಯಾಕೆಟ್‌ನಲ್ಲಿ 1,460 ಬೈಟ್ ಡೇಟಾ, ಅಂದರೆ 11,680 ಬಿಟ್. 22,000ರ ವರ್ಗಮೂಲ ಸುಮಾರು 148. ಹೋಗಿಬರುವ ಸಮಯ 1 ಮಿಲಿಸೆಕೆಂಡ್ ಇದ್ದರೆ ವೇಗ ಸುಮಾರು 1.7 ಗಿಗಾಬಿಟ್. ಪಕ್ಕದ ಕಟ್ಟಡಕ್ಕೆ ಕಳಿಸುವವರಿಗೆ ಏನೂ ತೊಂದರೆ ಕಾಣಲ್ಲ. ಅದೇ ನಷ್ಟ ಇದ್ದು ಸಮಯ 100 ಮಿಲಿಸೆಕೆಂಡ್ ಆದರೆ ವೇಗ ಸುಮಾರು 17 ಮೆಗಾಬಿಟ್. ಆ ವೇಗದಲ್ಲಿ 1 ಟೆರಾಬೈಟ್ ಕಳಿಸಲು ಐದು ದಿನಕ್ಕೂ ಜಾಸ್ತಿ ಬೇಕು.

ಮೇಲೆ ಹೇಳಿದ ದೂರಿಗೆ ಇದೇ ಉತ್ತರ. ಲಿಂಕ್ ಗ್ರಾಫ್‌ನಲ್ಲಿ ಅಡಚಣೆ ಇಲ್ಲ, ಹತ್ತಿರದವರಿಗೆ ವೇಗ ಚೆನ್ನಾಗಿದೆ, ದೂರದವರಿಗೆ ಮಾತ್ರ ಕೆಲಸ ನಿಂತುಹೋಗಿದೆ. ಎಷ್ಟು ವೇಗವಾಗಿ ಕಳಿಸಬೇಕು ಎಂದು ಟಿಸಿಪಿ ತೀರ್ಮಾನಿಸುವ ವಿಧಾನಗಳು ಹಲವು. ಅವುಗಳಲ್ಲಿ ಕ್ಯೂಬಿಕ್ ಬಳಸುವ ಇಂದಿನ ಯಂತ್ರಗಳಲ್ಲಿ ಅಂಕಿ ಸ್ವಲ್ಪ ಬೇರೆ ಬರುತ್ತದೆ. 2016ರಲ್ಲಿ ಗೂಗಲ್ ತಂದ ಬಿಬಿಆರ್ ಈ ಸೂತ್ರಕ್ಕೆ ಸಿಗುವುದಿಲ್ಲ. ಆದರೂ ದೂರ ಹೆಚ್ಚಿದಷ್ಟೂ ಸಣ್ಣ ನಷ್ಟದ ಪೆಟ್ಟು ದೊಡ್ಡದಾಗುತ್ತದೆ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಟೂಲ್ ಕಟ್ಟಬೇಕು.

ಹಂತ 4: ಯಾವುದನ್ನು ಎಷ್ಟು ಸಲ ಅಳೆಯಬೇಕು

ವೇಗದ ಪರೀಕ್ಷೆ ಲಿಂಕನ್ನೇ ತುಂಬುತ್ತದೆ. ಅದನ್ನು ದಿನಕ್ಕೆ ನಾಲ್ಕು ಸಲ ಮಾಡಿದರೆ ಸಾಕು. ನಷ್ಟ ಮತ್ತು ವಿಳಂಬದ ಪರೀಕ್ಷೆ ತುಂಬಾ ಹಗುರ. ಅದನ್ನು ನಿಲ್ಲಿಸದೆ ಓಡಿಸಿ.

ಯಾಕೆ ನಿಲ್ಲಿಸಬಾರದು ಅಂದರೆ, 10 ಪಿಂಗ್ (ಆಚೆ ಯಂತ್ರ ಉತ್ತರ ಕೊಡುತ್ತದಾ ಎಂದು ನೋಡುವ ಸಣ್ಣ ಪ್ಯಾಕೆಟ್) ಕಳಿಸಿ "ನಷ್ಟ 0" ಎಂದು ಬರೆದರೆ 22,000ಕ್ಕೆ 1ರ ನಷ್ಟ ಸಿಗುವ ಮಾತೇ ಇಲ್ಲ. ಸೆಕೆಂಡಿಗೆ 10 ಸಣ್ಣ ಪ್ಯಾಕೆಟ್ ಕಳಿಸಿ. ನಿಮಿಷಕ್ಕೆ 600, ಗಂಟೆಗೆ 36,000. ಗಂಟೆಗೆ ಒಂದೋ ಎರಡೋ ಬೀಳುತ್ತವೆ. ಒಂದೆರಡರಿಂದ ಯಾವ ತೀರ್ಮಾನಕ್ಕೂ ಬರಲಾಗದು. ಆದರೆ ದಿನಕ್ಕೆ 8,64,000 ಪ್ಯಾಕೆಟ್ ಹೋಗಿರುತ್ತವೆ, ಸುಮಾರು 39 ಬಿದ್ದಿರುತ್ತವೆ. ಇದು ಎಂಜಿನಿಯರ್ ಮುಂದೆ ಇಡಬಹುದಾದ ಸಾಕ್ಷಿ. ಹಾಗಾಗಿ ನಷ್ಟವನ್ನು ಶೇಕಡಾವಾರು ದುಂಡಗೆ ಮಾಡಿ ಉಳಿಸಬೇಡಿ. ಕಳಿಸಿದ್ದೆಷ್ಟು, ಬಿದ್ದಿದ್ದೆಷ್ಟು ಎಂಬ ಎರಡೂ ಎಣಿಕೆ ಉಳಿಸಿ. ಶೇಕಡಾ 0.0046 ಅನ್ನುವುದು ಎರಡು ದಶಮಾಂಶಕ್ಕೆ ಇಳಿದರೆ ಪರದೆಯ ಮೇಲೆ 0.00 ಆಗಿಬಿಡುತ್ತದೆ.

ವೇಗದ ಪರೀಕ್ಷೆಯಲ್ಲಿ ಕೆಲವು ನಿಯಮ ಇಟ್ಟುಕೊಳ್ಳಿ. ಎರಡೂ ದಿಕ್ಕಿಗೆ ಅಳೆಯಿರಿ, ಯಾಕಂದರೆ ಹೋಗುವ ದಾರಿ ಬರುವ ದಾರಿ ಒಂದೇ ಇರಬೇಕೆಂದಿಲ್ಲ. ದೂರದ ತುದಿಗೆ ಕನಿಷ್ಠ 30 ಸೆಕೆಂಡ್ ಓಡಿಸಿ. ಮೊದಲ ಕೆಲವು ಸೆಕೆಂಡ್ ಟಿಸಿಪಿ ಇನ್ನೂ ವೇಗ ಹಿಡಿಯುತ್ತಿರುತ್ತದೆ, ಅದನ್ನು ಲೆಕ್ಕದಿಂದ ಬಿಡುವ ಆಯ್ಕೆ ಐಪರ್ಫ್3ರಲ್ಲಿದೆ. ಎಂಟು ಸ್ಟ್ರೀಮ್ (ಒಂದೊಂದೂ ಒಂದು ಟಿಸಿಪಿ ಸಂಪರ್ಕ) ಒಟ್ಟಿಗೆ ಓಡಿಸಿದರೆ ಅಂಕಿ ದೊಡ್ಡದಾಗಿ ಬರುತ್ತದೆ, ನೋಡಲು ಖುಷಿ. ಆದರೆ ಅದು ನಷ್ಟವನ್ನು ಮುಚ್ಚಿಬಿಡುತ್ತದೆ. ಒಂದೇ ಸ್ಟ್ರೀಮ್‌ನ ಪರೀಕ್ಷೆ ಯಾವಾಗಲೂ ಇರಲಿ. ಬೇಕಾದರೆ ಎಂಟರದ್ದನ್ನು ಪಕ್ಕದಲ್ಲಿ ಸೇರಿಸಿ.

ಹಂತ 5: ಗಡಿಯಾರ

ಒಂದು ದಿಕ್ಕಿನ ವಿಳಂಬ ಅಂದರೆ ಆ ಯಂತ್ರದ ಸಮಯದಿಂದ ಈ ಯಂತ್ರದ ಸಮಯ ಕಳೆಯುವುದು. ಎರಡು ಗಡಿಯಾರ ಹೊಂದದಿದ್ದರೆ ಉತ್ತರಕ್ಕೆ ಅರ್ಥ ಇರಲ್ಲ. ನಾನು ಮೊದಲ ಸಲ ಈ ಅಳತೆ ಓಡಿಸಿದಾಗ ಒಂದು ಜೋಡಿಯಲ್ಲಿ ಮೈನಸ್ 1.8 ಮಿಲಿಸೆಕೆಂಡ್ ಬಂತು. ಪ್ಯಾಕೆಟ್ ಕಳಿಸುವ ಮುಂಚೆಯೇ ಮುಟ್ಟಿದ ಹಾಗೆ. ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಒಂದು ದಿನ ಕಳೆದೆ. ಕೊನೆಗೆ ನೋಡಿದರೆ ಆ ಯಂತ್ರದಲ್ಲಿ ಗಡಿಯಾರವನ್ನು ನೆಟ್‌ವರ್ಕ್ ಮೂಲಕ ಸರಿ ಇಡುವ ಎನ್‌ಟಿಪಿ ಸೇವೆ ನಿಂತೇ ಹೋಗಿತ್ತು.

ಪ್ರತಿ ಯಂತ್ರದಲ್ಲೂ ಎನ್‌ಟಿಪಿ ಓಡುತ್ತಿದೆಯೇ ಎಂದು ಟೂಲೇ ನೋಡಲಿ. ಹೋಲಿಕೆಗೆ ಒಂದಕ್ಕಿಂತ ಹೆಚ್ಚು ಸಮಯದ ಸರ್ವರ್ ಕೊಡಿ. ಮುಖ್ಯವಾಗಿ, ಪ್ರತಿ ಅಳತೆಯ ಜೊತೆ ಆ ಕ್ಷಣದ ಗಡಿಯಾರದ ಅಂದಾಜು ತಪ್ಪನ್ನೂ ಬರೆದಿಡಿ. ವಿಳಂಬ 0.2 ಮಿಲಿಸೆಕೆಂಡ್, ಗಡಿಯಾರದ ತಪ್ಪು 2 ಮಿಲಿಸೆಕೆಂಡ್ ಅಂತಿದ್ದರೆ ಆ ಅಂಕಿಯನ್ನು ತೋರಿಸಬಾರದು. ಮೈಕ್ರೋಸೆಕೆಂಡ್ ಮಟ್ಟದ ನಿಖರತೆ ಬೇಕಾದವರು ಗಡಿಯಾರ ಹೊಂದಿಸುವ ಇನ್ನೂ ನಿಖರವಾದ ವಿಧಾನವಾದ ಪಿಟಿಪಿಗೆ ಹೋಗಬೇಕು. ನಷ್ಟದ ಎಣಿಕೆಗೆ ಮತ್ತು ಹೋಗಿಬರುವ ಸಮಯಕ್ಕೆ ಇಷ್ಟೆಲ್ಲ ತಲೆನೋವು ಇಲ್ಲ.

ಹಂತ 6: ಓಡಿಸುವ ಕೋಡ್, ಉಳಿಸುವ ದಾಖಲೆ

ಈಗ ನಿಮ್ಮ ಕೋಡ್ ಶುರು. ಐಪರ್ಫ್3ರ ಫಲಿತಾಂಶವನ್ನು ಪರದೆಯ ಸಾಲುಗಳಿಂದ ಹೆಕ್ಕಬೇಡಿ. ಪ್ರೋಗ್ರಾಂ ಸುಲಭವಾಗಿ ಓದಬಹುದಾದ ಜೇಸನ್ ರೂಪದಲ್ಲಿ ಕೊಡುವ ಆಯ್ಕೆ ಇದೆ, ಅದನ್ನು ಬಳಸಿ. ಅದರಲ್ಲಿ ವೇಗದ ಜೊತೆಗೆ ಮತ್ತೆ ಕಳಿಸಿದ ಪ್ಯಾಕೆಟ್‌ಗಳ ಎಣಿಕೆ, ಎರಡೂ ತುದಿಯ ಸಿಪಿಯು ಬಳಕೆ, ಆವೃತ್ತಿ ಎಲ್ಲ ಸಿಗುತ್ತದೆ. ಸಿಪಿಯು ಅಂಕಿಯನ್ನು ಬಿಡಬೇಡಿ. ಐಪರ್ಫ್3ರ 3.16ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಎಷ್ಟು ಸ್ಟ್ರೀಮ್ ಕೇಳಿದರೂ ಎಲ್ಲವೂ ಒಂದೇ ಕೋರ್ ಮೇಲೆ ಓಡುತ್ತಿದ್ದವು. ಕೋರ್ ತುಂಬಿ ವೇಗ ನಿಂತಿದ್ದರೆ ಅದಕ್ಕೆ ನೆಟ್‌ವರ್ಕನ್ನು ದೂರಬಾರದು.

ಪ್ರತಿ ದಾಖಲೆಯಲ್ಲಿ ಇವು ಇರಲಿ: ಕಳಿಸಿದ ಯಂತ್ರ, ಪಡೆದ ಯಂತ್ರ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ) ಸಮಯ, ಟೂಲ್‌ನ ಆವೃತ್ತಿ, ಕರ್ನಲ್ ಆವೃತ್ತಿ, ಕ್ಯೂಬಿಕ್ಕೋ ಬಿಬಿಆರ್ರೋ, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ನಲ್ಲಿ) 1,500ನೋ 9,000ವೋ, ಎಷ್ಟು ಸ್ಟ್ರೀಮ್, ಆ ಹೊತ್ತಿನ ಟ್ರೇಸ್‌ರೂಟ್ (ಪ್ಯಾಕೆಟ್ ಹೋಗುವ ದಾರಿಯ ಪಟ್ಟಿ). ವೇಗವನ್ನು ಯಾವಾಗಲೂ ಸೆಕೆಂಡಿಗೆ ಬಿಟ್ ಲೆಕ್ಕದಲ್ಲೇ ಉಳಿಸಿ. ಬಿಟ್ ಮತ್ತು ಬೈಟ್ ಕಲಸಿಹೋದರೆ ಎಂಟು ಪಟ್ಟು ತಪ್ಪು. ಎರಡು ಸಂಸ್ಥೆಗಳ ಡೇಟಾ ಸೇರಿಸುವಾಗ ಇದು ಸಿಕ್ಕಾಪಟ್ಟೆ ಸಲ ಆಗುತ್ತದೆ. ಮೂಲ ಜೇಸನ್ ಫೈಲನ್ನೂ ಕೆಲವು ತಿಂಗಳು ಇಟ್ಟುಕೊಳ್ಳಿ. ನಾಳೆ ಯಾರೋ ಹೊಸ ಪ್ರಶ್ನೆ ಕೇಳಿದಾಗ ಅದರಲ್ಲೇ ಉತ್ತರ ಇರಬಹುದು.

ಒಂದು ತಪ್ಪನ್ನು ವಿವರವಾಗಿ ಹೇಳಬೇಕು. ನಾನು ಬರೆದ ಮೊದಲ ಟೂಲ್‌ನಲ್ಲಿ ಪರೀಕ್ಷೆ ಓಡದೆ ಹೋದರೆ ವೇಗ 0 ಎಂದು ಬರೆಯುತ್ತಿತ್ತು. ಒಂದು ಶುಕ್ರವಾರ ಸಂಜೆ ಒಂದು ಸಂಸ್ಥೆಯಲ್ಲಿ ಫೈರ್‌ವಾಲ್ ಬದಲಾಯಿತು. ಪರೀಕ್ಷೆಯ ಪೋರ್ಟ್ 5201 ಮುಚ್ಚಿಹೋಯಿತು. ಗ್ರಾಫ್‌ನಲ್ಲಿ ಆ ಸಂಸ್ಥೆಯ ಗೆರೆಗಳೆಲ್ಲ ನೆಲಕ್ಕೆ ಬಿದ್ದವು. ರಾತ್ರಿ ಎಚ್ಚರಿಕೆ ಹೋಗಿ ಎಂಜಿನಿಯರ್‌ಗಳು ಎದ್ದು ನೋಡಿದರೆ ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಸರಿಪಡಿಸಲು ಐದು ನಿಮಿಷ ಸಾಕಾಯಿತು. ಅವರು ಆ ಗ್ರಾಫನ್ನು ಮತ್ತೆ ನಂಬಲು ತಿಂಗಳುಗಳೇ ಬೇಕಾದವು. "ವೇಗ 0" ಬೇರೆ, "ಅಳೆಯಲು ಆಗಲಿಲ್ಲ" ಬೇರೆ. ಎರಡನೆಯದಕ್ಕೆ ಪ್ರತ್ಯೇಕ ಗುರುತು ಮತ್ತು ಕಾರಣ ಬರೆಯಿರಿ: ಸಂಪರ್ಕ ಸಿಗಲಿಲ್ಲ, ಆಚೆ ಸರ್ವರ್ ಬೇರೆ ಪರೀಕ್ಷೆಯಲ್ಲಿತ್ತು, ಸಮಯ ಮೀರಿತು, ಹೀಗೆ. ಸರಾಸರಿಯಲ್ಲಿ ಅದನ್ನು ಸೇರಿಸಬೇಡಿ.

ಹಂತ 7: ಒಂದರ ಮೇಲೊಂದು ಬೀಳದ ವೇಳಾಪಟ್ಟಿ

20 ಕೇಂದ್ರಗಳಿದ್ದರೆ, ಎರಡೂ ದಿಕ್ಕು ಸೇರಿ 380 ಜೋಡಿ ಆಗುತ್ತವೆ. ಒಂದೊಂದಕ್ಕೆ 30 ಸೆಕೆಂಡ್ ಅಂದರೂ ಸಾಲಾಗಿ ಓಡಿಸಿದರೆ ಮೂರು ಗಂಟೆಗೂ ಜಾಸ್ತಿ. ಎಲ್ಲ ಒಟ್ಟಿಗೆ ಓಡಿಸಿದರೆ ಒಂದನ್ನೊಂದು ಕೆಡಿಸುತ್ತವೆ. ಒಂದು ಯಂತ್ರ ಒಂದು ಹೊತ್ತಿಗೆ ಒಂದೇ ವೇಗದ ಪರೀಕ್ಷೆಯಲ್ಲಿರಬೇಕು ಅನ್ನುವ ನಿಯಮ ಇಟ್ಟರೆ, ಒಂದು ಸುತ್ತಿನಲ್ಲಿ 10 ಜೋಡಿ ಓಡಬಹುದು. 38 ಸುತ್ತು, ಸುಮಾರು 20 ನಿಮಿಷದಲ್ಲಿ ಮುಗಿಯುತ್ತದೆ. ಕ್ರೀಡಾಕೂಟದಲ್ಲಿ ಪ್ರತಿ ತಂಡವೂ ಪ್ರತಿ ತಂಡದ ಜೊತೆ ಆಡುವ ಪಟ್ಟಿ ಹಾಕುತ್ತಾರಲ್ಲ, ಅದೇ ಲೆಕ್ಕ. ಎರಡು ಕೇಂದ್ರಗಳು ಒಂದೇ ಲಿಂಕ್ ಹಂಚಿಕೊಂಡಿದ್ದರೆ ಅದನ್ನೂ ಪಟ್ಟಿಗೆ ಹೇಳಿಕೊಡಬೇಕು.

ಪ್ರತಿ ಸಲ ಶುರುವಾಗುವ ಸಮಯವನ್ನು ಸ್ವಲ್ಪ ಅಡ್ಡಾದಿಡ್ಡಿ ಮಾಡಿ. ದಿನಾ ಸರಿಯಾಗಿ 6 ಗಂಟೆಗೇ ಅಳೆದರೆ, ಆ ಹೊತ್ತಿಗೆ ಓಡುವ ಬ್ಯಾಕಪ್ ನಿಮ್ಮ ಗ್ರಾಫನ್ನೇ ಹಿಡಿದುಕೊಳ್ಳುತ್ತದೆ.

ನಿಲ್ಲದೆ ಓಡುವ ನಷ್ಟದ ಪರೀಕ್ಷೆಯನ್ನು ವೇಗದ ಪರೀಕ್ಷೆ ಮಾಡುವ ನೆಟ್‌ವರ್ಕ್ ಕಾರ್ಡ್ ಮೇಲೆ ಇಡಬೇಡಿ. ವೇಗದ ಪರೀಕ್ಷೆ ನಡೆದಾಗಲೆಲ್ಲ ನಷ್ಟ ಕಾಣಿಸಿ ಗೊಂದಲ ಆಗುತ್ತದೆ. ಬೇರೆ ಕಾರ್ಡ್, ಸಾಧ್ಯವಾದರೆ ಬೇರೆ ಯಂತ್ರವೇ ಇರಲಿ. ವರ್ಚುವಲ್ ಯಂತ್ರ ಇದಕ್ಕೆ ಬೇಡ.

ಹಂತ 8: ನೆಟ್‌ವರ್ಕನ್ನು ನೀವೇ ಕೆಡಿಸಿ ಪರೀಕ್ಷಿಸಿ

ಟೂಲ್ ಹೇಳುವುದು ನಿಜವೋ ಸುಳ್ಳೋ ತಿಳಿಯಲು, ಉತ್ತರ ಮೊದಲೇ ಗೊತ್ತಿರುವ ನೆಟ್‌ವರ್ಕ್ ಬೇಕು. ಬೇಕೆಂದೇ ವಿಳಂಬ, ನಷ್ಟ ಸೇರಿಸುವ ಲಿನಕ್ಸ್‌ನ ನೆಟ್‌ಎಂ ಇದಕ್ಕೆ ಸರಿಯಾದದ್ದು. ಮೂರು ಯಂತ್ರ ಸಾಲಾಗಿ ಇಟ್ಟು, ನಡುವಿನದರಲ್ಲಿ 100 ಮಿಲಿಸೆಕೆಂಡ್ ವಿಳಂಬ ಸೇರಿಸಿ. ಯಂತ್ರ ಇಲ್ಲದಿದ್ದರೆ ಒಂದರಲ್ಲೇ ಮೂರು ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಯಂತ್ರದೊಳಗೆ ಬೇರೆ ಬೇರೆ ಯಂತ್ರಗಳಂತೆ ನಡೆಯುವ ನೆಟ್‌ವರ್ಕ್‌ಗಳು) ಮಾಡಿ. ಕಳಿಸುವ ಯಂತ್ರದಲ್ಲೇ ವಿಳಂಬ ಹಾಕಿದರೆ ಅದರ ಟಿಸಿಪಿ ಬೇರೆ ಥರ ನಡೆದುಕೊಳ್ಳುತ್ತದೆ, ಆದ್ದರಿಂದ ನಡುವೆ.

ಇಲ್ಲಿ ತುಂಬಾ ಜನ ಎಡವುವ ಒಂದು ಜಾಗ ಇದೆ. ನೆಟ್‌ಎಂ ಸುಮ್ಮನೆ ಬಿಟ್ಟರೆ 1,000 ಪ್ಯಾಕೆಟ್ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. 1 ಗಿಗಾಬಿಟ್ ವೇಗದಲ್ಲಿ 100 ಮಿಲಿಸೆಕೆಂಡ್ ಡೇಟಾ ಅಂದರೆ 12.5 ಮೆಗಾಬೈಟ್, 8,300ಕ್ಕೂ ಹೆಚ್ಚು ಪ್ಯಾಕೆಟ್. ಉಳಿದವನ್ನು ಅದು ಸದ್ದಿಲ್ಲದೆ ಬೀಳಿಸುತ್ತದೆ. ನೀವು ನಷ್ಟ ಕೇಳಿರಲೇ ಇಲ್ಲ, ಆದರೂ ನಷ್ಟ! ಮಿತಿಯನ್ನು 20,000ಕ್ಕೋ ಇನ್ನೂ ಮೇಲಕ್ಕೋ ಏರಿಸಿ ಶುರು ಮಾಡಿ.

ಆಮೇಲೆ ಒಂದೊಂದೇ ಕೆಡಿಸುತ್ತಾ ಬನ್ನಿ. ಒಂದು ದಿಕ್ಕಿಗೆ ಮಾತ್ರ ಶೇಕಡಾ 0.005 ನಷ್ಟ ಹಾಕಿ, ಟೂಲ್ ದಿಕ್ಕನ್ನು ಸರಿಯಾಗಿ ಹೇಳುತ್ತದಾ ನೋಡಿ. ಒಂದು ಗಡಿಯಾರವನ್ನು 5 ಮಿಲಿಸೆಕೆಂಡ್ ಸರಿಸಿ. ಪರೀಕ್ಷೆಯ ನಡುವೆ ಕೇಬಲ್ ಎಳೆಯಿರಿ. ಎಂಟಿಯು ಒಂದು ಕಡೆ 9,000, ಇನ್ನೊಂದು ಕಡೆ 1,500 ಮಾಡಿ. ಇಂತಹ ಪ್ರತಿಯೊಂದನ್ನೂ ತಾನೇ ಓಡುವ ಪರೀಕ್ಷೆಯಾಗಿ ಬರೆದಿಟ್ಟುಕೊಳ್ಳಿ.

ಹಂತ 9: ಸಂಶೋಧಕರಿಗೆ ಅವರ ಮಾತಿನಲ್ಲಿ ತೋರಿಸಿ

ಜೀವವಿಜ್ಞಾನಿಗೆ "ಸೆಕೆಂಡಿಗೆ 940 ಮೆಗಾಬಿಟ್" ಅಂದರೆ ಏನೂ ಹೇಳಿದಂತಾಗಲಿಲ್ಲ. "ಈ ದಾರಿಯಲ್ಲಿ 1 ಟೆರಾಬೈಟ್ ಕಳಿಸಲು ಇವತ್ತು ಸುಮಾರು 2 ಗಂಟೆ 20 ನಿಮಿಷ, ಕಳೆದ ತಿಂಗಳು 15 ನಿಮಿಷ" ಅಂದರೆ ತಕ್ಷಣ ತಿಳಿಯುತ್ತದೆ. ಅವರ ಪುಟದಲ್ಲಿ ಇದೊಂದೇ ಸಾಲು ದೊಡ್ಡದಾಗಿರಲಿ.

ನಡೆಸುವವರಿಗೆ ಚೌಕಗಳ ಕೋಷ್ಟಕ ಕೊಡಿ. ಅಡ್ಡಕ್ಕೆ ಪಡೆಯುವವರು, ಉದ್ದಕ್ಕೆ ಕಳಿಸುವವರು. ಒಂದು ಸಾಲು ಪೂರ್ತಿ ಕೆಂಪಾದರೆ ಆ ಕೇಂದ್ರದಿಂದ ಹೊರಡುವುದರಲ್ಲಿ ತೊಂದರೆ. ಒಂದು ಕಂಬ ಪೂರ್ತಿ ಕೆಂಪಾದರೆ ಆ ಕೇಂದ್ರಕ್ಕೆ ಬರುವುದರಲ್ಲಿ. ಒಂದೇ ಚೌಕ ಕೆಂಪಾದರೆ ಆ ಎರಡರ ನಡುವಿನ ದಾರಿ ನೋಡಿ. ಅಳೆಯಲು ಆಗದ್ದಕ್ಕೆ ಬೂದು ಬಣ್ಣ, ಕೆಂಪು ಬೇಡವೇ ಬೇಡ. ಬಣ್ಣ ಗುರುತಿಸಲು ಕಷ್ಟವಿರುವವರಿಗಾಗಿ ಚೌಕದೊಳಗೆ ಅಂಕಿಯೂ ಇರಲಿ.

ವಿಳಂಬಕ್ಕೆ ಸರಾಸರಿ ತೋರಿಸಬೇಡಿ. ನಡುವಿನ ಬೆಲೆ, 95ನೇ ಶೇಕಡಾಂಕ (100ರಲ್ಲಿ 95 ಅಳತೆಗಳು ಇದರೊಳಗೆ ಇರುತ್ತವೆ), ಅತಿ ಕಡಿಮೆ ಬೆಲೆ, ಈ ಮೂರು ತೋರಿಸಿ. ಅತಿ ಕಡಿಮೆ ಬೆಲೆ ಏಕಾಏಕಿ ಮೇಲೇರಿ ಅಲ್ಲೇ ನಿಂತರೆ ದಾರಿ ಬದಲಾಗಿದೆ ಅಂತ ಅರ್ಥ. ಅದು ಹಾಗೇ ಇದ್ದು 95ನೆಯದು ಏರಿದರೆ ಎಲ್ಲೋ ಪ್ಯಾಕೆಟ್‌ಗಳು ಸಾಲು ನಿಂತಿವೆ.

ಎಚ್ಚರಿಕೆ ಕಳಿಸುವಾಗ ಎಲ್ಲ ದಾರಿಗೂ ಒಂದೇ ಮಿತಿ ಹಾಕಬೇಡಿ. ಪ್ರತಿ ದಾರಿಯನ್ನೂ ಅದರ ಕಳೆದ ನಾಲ್ಕು ವಾರದ ಜೊತೆ ಹೋಲಿಸಿ. ಮೂರು ಅಳತೆ ಸತತವಾಗಿ ಕೆಟ್ಟರೆ ಮಾತ್ರ ಕಳಿಸಿ.

ಹಂತ 10: ತೊಂದರೆ ಎಲ್ಲಿದೆ ಎಂದು ಹುಡುಕುವ ಕ್ರಮ

ತುದಿಯಿಂದ ತುದಿಗೆ ಕೆಟ್ಟಿದೆ ಅಂತ ಗೊತ್ತಾದ ಮೇಲೆ ದಾರಿಯನ್ನು ತುಂಡು ಮಾಡಿ ನೋಡಬೇಕು. ನಡುವೆ ಎಲ್ಲಾದರೂ ಅಳತೆ ಯಂತ್ರ ಇದ್ದರೆ ಅಲ್ಲಿಗೆ ಅಳೆಯುತ್ತಾರೆ. ಇಲ್ಲಿ ಅನುಭವಿಗಳೂ ಮೋಸ ಹೋಗುತ್ತಾರೆ. ತುಂಡು ಮಾಡಿದಾಗ ವೇಗ ನೋಡಬೇಡಿ, ನಷ್ಟ ನೋಡಿ. ಹಂತ 3ರ ಲೆಕ್ಕ ನೆನಪಿಸಿಕೊಳ್ಳಿ. ಕೆಟ್ಟ ಕಾರ್ಡ್ ನಿಮ್ಮಿಂದ 1 ಮಿಲಿಸೆಕೆಂಡ್ ದೂರದಲ್ಲಿದ್ದರೆ, ಆ ತುಂಡಿನ ವೇಗ 1.7 ಗಿಗಾಬಿಟ್ ಬಂದು "ಇಲ್ಲಿ ಸರಿ ಇದೆ" ಅನ್ನಿಸುತ್ತದೆ. ಉದ್ದದ ತುಂಡಿನ ವೇಗ ಹೇಗೂ ಕಮ್ಮಿ ಬರುತ್ತದೆ, ಅಲ್ಲೇ ತೊಂದರೆ ಇದೆ ಅಂತ ತಪ್ಪು ತೀರ್ಮಾನ ಆಗುತ್ತದೆ. ಬಿದ್ದ ಪ್ಯಾಕೆಟ್‌ಗಳ ಎಣಿಕೆಗೆ ದೂರದ ಹಂಗಿಲ್ಲ.

ಈ ಕ್ರಮವನ್ನು ಟೂಲ್‌ನಲ್ಲೇ ಸೇರಿಸಿ. ಒಂದು ಚೌಕ ಒತ್ತಿದರೆ ಆ ದಾರಿಯಲ್ಲಿರುವ ನಡುವಿನ ಯಂತ್ರಗಳ ನಷ್ಟದ ಎಣಿಕೆ ಸಾಲಾಗಿ ಬರಲಿ. ನಷ್ಟ ಮೊದಲು ಕಾಣುವ ತುಂಡನ್ನು ಅದೇ ಗುರುತು ಮಾಡಿ ತೋರಿಸಲಿ.

ಹಂತ 11: ಬಾಗಿಲು ಎಷ್ಟು ತೆರೆಯಬೇಕು

ವೇಗ ಅಳೆಯುವ ಸರ್ವರ್ ಅಂದರೆ ಕೇಳಿದವರಿಗೆಲ್ಲ ಲಿಂಕ್ ತುಂಬಿಕೊಡುವ ಯಂತ್ರ. ತಪ್ಪು ಕೈಗೆ ಸಿಕ್ಕರೆ ದಾಳಿಗೆ ಬಳಕೆಯಾಗಬಹುದು. ಯಾರು ಓಡಿಸಬಹುದು, ಎಷ್ಟು ಹೊತ್ತು, ದಿನಕ್ಕೆ ಎಷ್ಟು ಸಲ, ಯುಡಿಪಿಯಾದರೆ (ಇದು ಟಿಸಿಪಿಯಂತೆ ತಾನೇ ವೇಗ ತಗ್ಗಿಸಿಕೊಳ್ಳಲ್ಲ) ಗರಿಷ್ಠ ವೇಗ ಎಷ್ಟು, ಈ ಮಿತಿಗಳು ಮೊದಲ ದಿನದಿಂದಲೇ ಇರಬೇಕು. ಪಿಂಗ್ ಮತ್ತು ಟ್ರೇಸ್‌ರೂಟ್‌ಗೆ ಎಲ್ಲರಿಗೂ ಅವಕಾಶ ಕೊಡಿ, ವೇಗದ ಪರೀಕ್ಷೆಗೆ ಸಮುದಾಯದ ಸದಸ್ಯರಿಗೆ ಮಾತ್ರ. ಫಲಿತಾಂಶ ಎಷ್ಟು ಸಾರ್ವಜನಿಕ ಅನ್ನುವುದನ್ನು ಪ್ರತಿ ಸಂಸ್ಥೆಯನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಅಳೆಯುವ ಯಂತ್ರದಲ್ಲಿ ಬೇರೆ ಯಾವ ಸೇವೆಯೂ ಬೇಡ.

ಹಂತ 12: ಸಮುದಾಯಕ್ಕೆ ಕೊಡುವುದು

ಮೂರು ಸಂಸ್ಥೆಗಳಿಂದ ಶುರು ಮಾಡಿ. ಒಂದು ಹತ್ತಿರದ್ದು, ಒಂದು ದೂರದ್ದು, ಇನ್ನೊಂದು ನೆಟ್‌ವರ್ಕ್ ಸಿಬ್ಬಂದಿ ತುಂಬಾ ಕಮ್ಮಿ ಇರುವ ಸಣ್ಣ ಸಂಸ್ಥೆ. ಮೂರನೆಯದರಲ್ಲಿ ಹಾಕುವಾಗ ನೀವು ಪಕ್ಕದಲ್ಲಿ ಕುಳಿತು ಸುಮ್ಮನೆ ನೋಡಿ, ಸಹಾಯ ಮಾಡಬೇಡಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನಿಮ್ಮ ಸೂಚನಾ ಪುಟ ಸರಿ ಇಲ್ಲ. ಫೈರ್‌ವಾಲ್‌ನಲ್ಲಿ ತೆರೆಯಬೇಕಾದ ಪೋರ್ಟ್‌ಗಳ ಪಟ್ಟಿ, ಅವರ ಭದ್ರತಾ ವಿಭಾಗಕ್ಕೆ ನೇರವಾಗಿ ಕಳಿಸಬಹುದಾದ ಒಂದು ಪುಟದ ಪತ್ರ, ಇವೆರಡು ಇದ್ದರೆ ಅರ್ಧ ಕೆಲಸ ಮುಗಿದಂತೆ.

ದಾಖಲೆಯ ರೂಪಕ್ಕೆ ಆವೃತ್ತಿ ಸಂಖ್ಯೆ ಕೊಡಿ. ಹಳೆಯ ಹೆಸರಿನ ಅರ್ಥವನ್ನು ಯಾವತ್ತೂ ಬದಲಿಸಬೇಡಿ, ಬೇಕಾದರೆ ಹೊಸ ಹೆಸರು ಸೇರಿಸಿ. ಪ್ರತಿ ಕೇಂದ್ರಕ್ಕೂ ಒಬ್ಬ ಜವಾಬ್ದಾರರ ಹೆಸರಿರಲಿ. ಎರಡು ವಾರ ಉತ್ತರ ಕೊಡದ ಯಂತ್ರವನ್ನು ಅವರಿಗೆ ತಿಳಿಸಿ ಕೋಷ್ಟಕದಿಂದ ತೆಗೆಯಿರಿ. ಬೂದು ಚೌಕಗಳು ತುಂಬಿದ ಕೋಷ್ಟಕವನ್ನು ಜನ ನೋಡುವುದನ್ನೇ ಬಿಟ್ಟುಬಿಡುತ್ತಾರೆ.

ಕೊನೆಯದಾಗಿ ವರದಿ. ತೊಂದರೆ ಸಿಕ್ಕಾಗ ನೆಟ್‌ವರ್ಕ್ ಎಂಜಿನಿಯರ್‌ಗೆ ಕಳಿಸುವ ಪತ್ರವನ್ನು ಟೂಲೇ ಬರೆದುಕೊಡಬೇಕು. ಅದು ಹೀಗಿದ್ದರೆ ಸಾಕು:

"ಕೇಂದ್ರ 'ಅ'ದಿಂದ ಕೇಂದ್ರ 'ಇ'ಗೆ, ಒಂದೇ ಸ್ಟ್ರೀಮ್: ಮಂಗಳವಾರ 14:20 ಯುಟಿಸಿವರೆಗೆ 6 ಗಿಗಾಬಿಟ್, ಆಮೇಲೆ 18 ಮೆಗಾಬಿಟ್. ವಾಪಸ್ ದಿಕ್ಕಿನಲ್ಲಿ ಬದಲಾವಣೆ ಇಲ್ಲ. ಕಳಿಸಿದ 8,64,000 ಪ್ಯಾಕೆಟ್‌ನಲ್ಲಿ ಬಿದ್ದದ್ದು: ಸೋಮವಾರ 0, ಬುಧವಾರ 41. ಟ್ರೇಸ್‌ರೂಟ್ ಬದಲಾಗಿಲ್ಲ. ಸಿಪಿಯು ಎರಡೂ ತುದಿಯಲ್ಲಿ ಶೇಕಡಾ 30ರೊಳಗೆ. ನಷ್ಟ ಮೊದಲು ಕಾಣುವುದು 2ನೇ ಮತ್ತು 3ನೇ ಅಳತೆ ಯಂತ್ರಗಳ ನಡುವೆ. ಮೂಲ ದಾಖಲೆಗಳು ಇಲ್ಲಿವೆ."

ಇಂತಹ ಪತ್ರ ಬಂದರೆ ಎಂಜಿನಿಯರ್ ಮಂಗಳವಾರ ಮಧ್ಯಾಹ್ನ ಆ ತುಂಡಿನಲ್ಲಿ ಏನು ಬದಲಾಯಿತು ಎಂದು ನೋಡಲು ಹೊರಡುತ್ತಾರೆ. ಅದೇ ಪತ್ರದ ಪ್ರತಿಯನ್ನು ದೂರು ಕೊಟ್ಟ ಸಂಶೋಧಕರಿಗೂ ಕಳಿಸಿ.